ಆರು ಪುಟದಾಗ ಒಂದು ಹಗೇವು

ಪ್ರಬಂಧ ಬರಿಯಾಕ ನನಗ ಮೂರು ತಿಂಗಳು ಹಿಡೀತು. ಅದನ್ನ ಅವರು ಹೇಳಿದ ಅಳತಿಗೆ ಕುಂದರಸಾಕ ಮೂರು ರಾತ್ರಿ. ಈಗ ಕೇಳಿದ್ರ ಆ ಮೂರು ತಿಂಗಳು ಅಷ್ಟು ನೆನಪಿಲ್ಲ ನೋಡ್ರಿ, ಈ ಮೂರು ರಾತ್ರಿ ಮಾತ್ರ ಚೊಲೋತ್ನಂಗ ನೆನಪದಾವ.

ನಾನು ರೋಣದಾಗ ಒಂದು ಡಿಗ್ರಿ ಕಾಲೇಜಿನ್ಯಾಗ ಕನ್ನಡ ಕಲಸ್ತೀನಿ, ಅತಿಥಿ ಉಪನ್ಯಾಸಕಿ. ತವರುಮನಿ ಗಜೇಂದ್ರಗಡ, ಕೊಟ್ಟ ಮನಿ ನರಗುಂದದ ಕಡೆ ಒಂದು ಹಳ್ಳಿ. ತವರು ಗುಡ್ಡದ ಬುಡದ ಊರು, ಕಾಲಿಟ್ಟಲ್ಲೆ ಕಲ್ಲು. ನಮ್ಮವ್ವ ಜ್ವಾಳಾನ ಚೀಲದಾಗ ತುಂಬಿ ಗ್ವಾಡಿಗೆ ಒಟ್ಟತಿದ್ಲು, ಅಷ್ಟ ನನಗ ಗೊತ್ತಿದ್ದದ್ದು. ಲಗ್ನ ಆಗಿ ಬಂದ ಮ್ಯಾಲೆ ಒಂದಿನ ಅಂಗಳದಾಗಿನ ಹಾಸಗಲ್ಲಿನ ಮ್ಯಾಲೆ ಕುಂತು ಕಡ್ಲಿ ಹಸನ ಮಾಡ್ತಿದ್ದೆ. ನಮ್ಮತ್ತಿ ಬಂದು, "ಅದು ಹಗೇವಿನ ಬಾಯಿ ಯವ್ವಾ, ಅದರ ಮ್ಯಾಲೆ ಹೊತ್ತಗೊಂಡ ಕುಂದರಬ್ಯಾಡ" ಅಂದ್ರು. ನನ್ನ ಪ್ರಬಂಧ ಶುರು ಆದದ್ದು ಖರೇ ಅಂದ್ರ ಅವತ್ತ.

ಹಗೇವು ಅಂದ್ರ ನೆಲದಾಗ ತೋಡಿದ ಕಾಳಿನ ಕಣಜ. ನೀರು ನಿಂದರದ ಎತ್ತರದ ಜಾಗಾ ನೋಡಿ ತೋಡ್ತಿದ್ರು. ಬಾಯಿ ಸಣ್ಣದು, ಒಬ್ಬ ಮನಶಾ ಇಳಿಯೂವಷ್ಟು, ಹೊಟ್ಟಿ ದೊಡ್ಡದು. ತಳಕ್ಕ, ಸುತ್ತಲೂ ಒಣಾ ಹುಲ್ಲು ಹಾಸಿ ಜ್ವಾಳಾ ಸುರಿಯೂದು, ಮ್ಯಾಲೆ ಹುಲ್ಲು ಮುಚ್ಚಿ, ಕಲ್ಲು ಇಟ್ಟು, ಮಣ್ಣು ಮೆತ್ತೂದು. ಒಳಗ ಗಾಳಿ ಆಡಂಗಿಲ್ಲ. ಕಾಳೂ ಉಸರಾಡತಾವ, ಕಾಳಿನ್ಯಾಗಿನ ಹುಳಾನೂ ಉಸರಾಡತಾವ. ಇದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡು ತುಂಬತೈತಿ, ಹುಳಾ ಸಾಯ್ತಾವ, ಜ್ವಾಳಾ ಉಳೀತೈತಿ. ಬರಗಾಲಕ್ಕ ಇದ ಆಸರ. ಮಲಪ್ರಭಾಕ್ಕ ನವಿಲುತೀರ್ಥದಾಗ ಅಣೆಕಟ್ಟು ಆಗಿ ನಮ್ಮ ಕಡೆ ಕಾಲುವಿ ನೀರು ಬಂತು, ನೆಲಾ ಥಂಡಿ ಹಿಡೀತು, ಹಗೇವು ತುಂಬೂದು ಬಿಟ್ವಿ ಅಂತ ನಮ್ಮತ್ತಿ ಹೇಳ್ತಾರ. ಹಗೇವು ಹೋದ್ರ ಅದರ ಸುತ್ತಲಿನ ಮಾತೂ ಹೋಗತಾವಲ್ಲ, ಅವನ್ನ ಕೂಡಿಸಿ ಬರದದ್ದು ನನ್ನ ಪ್ರಬಂಧ. ಮಾತು ಎಲ್ಲಾ ನಮ್ಮತ್ತಿವು. ಬರದಾಕಿ ನಾನು.

ಒಂದು ವಿಚಾರ ಸಂಕಿರಣಕ್ಕ ಕಳಸೋಣ ಅಂತ ಮಾಡಿದೆ. ಸಾರಾಂಶ ಒಪ್ಪಿಗಿ ಆತು. ಆಮ್ಯಾಲೆ ಬಂತು ನೋಡ್ರಿ ಸೂಚನಾಪತ್ರ, ಆರು ಪುಟದ ಪ್ರಬಂಧಕ್ಕ ಮೂರು ಪುಟದ ಸೂಚನಾ! ಎ-4 ಹಾಳಿ, ನಾಲ್ಕೂ ಕಡೆ ಒಂದಂಗುಲ ಅಂಚು, ಕನ್ನಡ ಯುನಿಕೋಡದಾಗ ಇರಬೇಕು, ಗ್ರಂಥಸೂಚಿ ಎಪಿಎ ಪದ್ಧತಿ, ಚಿತ್ರ 300 ಡಿಪಿಐ, ಒಟ್ಟು ಆರು ಪುಟ ಮೀರಬಾರದು, ಲೇಖಕರ ಹೆಸರು ಎಲ್ಲೂ ಕಾಣಬಾರದು. ರೊಟ್ಟಿ ಬಡದು ಕೈ ಹಿಟ್ಟಾಗಿತ್ತು, ಕಿರುಬೆರಳಿನಿಂದ ಮೊಬೈಲ್ ಮ್ಯಾಲೆ ಸರಿಸಿಕೋತ ಓದಿದೆ. ಕೊನೀ ದಿನಾ ಶನಿವಾರ ರಾತ್ರಿ ಹನ್ನೆರಡು. ಅವತ್ತ ಗುರುವಾರ.

ಮೊದಲನೇ ರಾತ್ರಿ ಅಕ್ಷರದ್ದು.

ಪ್ರಬಂಧಾನ ನಾನು ರೋಣದ ಒಂದು ಡಿಟಿಪಿ ಅಂಗಡ್ಯಾಗ ಟೈಪ್ ಮಾಡಿಸಿದ್ದೆ. ಹುಡುಗ ಶ್ಯಾಣ್ಯಾ, ಕೈ ಭಾಳ ಚುರುಕು. ಆದ್ರ ಅವನ ಕೈ ಪಳಗಿದ್ದು ನುಡಿಯ ಹಳೇ ಫಾಂಟಿಗೆ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿಯಿಂದನ ನಮ್ಮ ಕಡೆ ಎಷ್ಟೋ ಕಚೇರಿ, ಅಂಗಡಿ ಕನ್ನಡ ಬರದಾವ, ಅದಕ್ಕ ಕೈ ಮುಗೀಬೇಕು. ಈಗಿನ ನುಡಿಯೊಳಗ ಯುನಿಕೋಡೂ ಐತಿ. ಹಳೇ ಫಾಂಟಿನ ಕತಿ ಬ್ಯಾರೆ. ಅದರಾಗ ಕಂಪ್ಯೂಟರಿನ ಒಳಗ ಇರೂದು ಇಂಗ್ಲಿಷ್ ಅಕ್ಷರ, ಮ್ಯಾಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ತಗದ್ರ ವೇಷ ಕಳಚತೈತಿ. ನಮ್ಮ ಮನಿಯವರ ಲ್ಯಾಪ್‌ಟಾಪಿನ್ಯಾಗ ತಗದೆ, 'ಕನ್ನಡ' ಅನ್ನೂ ಮೂರು ಅಕ್ಷರದ ಜಾಗಾದಾಗ ಒಂದು ದೊಡ್ಡ ಪಿ, ತಲಿ ಮ್ಯಾಲೆ ಗೀಟು ಇದ್ದ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಒಂದು ಸಣ್ಣ ಕ್ಯೂ. ಮೂರು ತಿಂಗಳ ಕೆಲಸಾ ಇರಿವಿ ಸಾಲು ಹರದಂಗ ಆಗಿತ್ತು.

ಶುಕ್ರವಾರ ಮತ್ತ ಅಂಗಡಿಗೆ ಹೋದೆ. "ಅಕ್ಕಾರ, ಕನ್ವರ್ಟರ್‌ದಾಗ ಹಾಕಿದ್ರ ಯುನಿಕೋಡ್ ಆಕ್ಕೈತಿ, ಆದ್ರ ಒಮ್ಮೆ ಪೂರಾ ಓದ್ರಿ" ಅಂದ ಹುಡುಗ. ಅವನ ಮಾತು ಖರೇ ಇತ್ತು. ಅರ್ಕಾವತ್ತು ನೋಡ್ರಿ, ಕಣ್ಣಿಗೆ ಅದು ಅಕ್ಷರದ ಹಿಂದ ಕಾಣತೈತಿ, ಹಳೇ ಫಾಂಟಿನ್ಯಾಗೂ ಹಿಂದ ಇರತೈತಿ. ಯುನಿಕೋಡದಾಗ ಮಾತ್ರ ನಾವು ಅನ್ನೂವಂಗ 'ರ' ಮೊದಲ ಬರಬೇಕು, ಆಮ್ಯಾಲೆ ಉಳಿದ ಅಕ್ಷರ. ಹಂಗಾಗಿ ಬದಲಿ ಮಾಡೂವಾಗ ಎಲ್ಲೆರ ಒಂದು ಕಡೆ ಅರ್ಕಾವತ್ತು ದಿಕ್ಕೆಟ್ಟು ನಿಂತಿರತೈತಿ. ದೀರ್ಘದ ಗುರ್ತೂ ಹಂಗ, ಎರಡು ಕಡೆ ತನ್ನ ಅಕ್ಷರ ಬಿಟ್ಟು ಒಬ್ಬಂಟಿ ಆಗಿತ್ತು. ಪ್ರತಿ ಶಬ್ದಾ ಬೆರಳಿಟ್ಟು ಓದಿ ತಿದ್ದಿದೆ. ಈಗ ನಾನು ಏನ ಬರದ್ರೂ ಮೊದಲ ಅಕ್ಷರದಿಂದನ ಯುನಿಕೋಡ್. ನೀವೂ ಹಂಗ ಮಾಡ್ರಿ, ನನ್ನ ಒಂದು ರಾತ್ರಿ ನಿಮಗ ಉಳೀತೈತಿ.

ಎರಡನೇ ರಾತ್ರಿ ಹೆಸರಿಂದು.

ಹೆಸರು ಕಾಣಬಾರದು ಅನ್ನೂದು ಮೊದಲ ನನಗ ಸಿಟ್ಟು ಬಂದಿತ್ತು. ಬರದಾಕಿ ಹೆಸರ ಬ್ಯಾಡ ಅಂದ್ರ ಹೆಂಗ? ನಮ್ಮ ಮನಿಯವರು ಸಮಾಧಾನ ಹೇಳಿದ್ರು: "ಹಂಗಲ್ಲ. ಪರೀಕ್ಷಾ ಪೇಪರಿನ ಮ್ಯಾಲೆ ನಂಬರ್ ಇರತೈತಿ, ಹೆಸರು ಇರಂಗಿಲ್ಲ, ಹೌದಿಲ್ಲೋ? ಇದೂ ಹಂಗ. ಹೆಸರು, ಕಾಲೇಜು ಕಂಡ್ರ, ರೋಣದ ಅತಿಥಿ ಉಪನ್ಯಾಸಕಿ ಏನ ಬರದಾಳು ಅಂತ ಬದಿಗೆ ಒತ್ತಬಹುದು. ಕಾಣದಿದ್ರ ಬರದದ್ದನ್ನಷ್ಟ ನೋಡ್ತಾರ." ವಿಚಾರ ಮಾಡಿದೆ, ಖರೇ ಅನಸ್ತು. ಈ ನಿಯಮಾ ನನ್ನಂಥಾಕಿಗೆ ಕೊಡಿ ಹಿಡದಂಗ ಐತಿ.

ಹೆಸರು ತಗಿಯೂದು ಮಾತ್ರ ಹೇಳಿದಷ್ಟು ಹಗರಲ್ಲ. ಮೊದಲ ಪುಟದಾಗಿಂದು ತಗದೆ. 'ನಾನು ಹಿಂದೆ ಬರೆದ ಲೇಖನದಲ್ಲಿ' ಅಂತ ಒಂದು ಕಡೆ ಇತ್ತು, ತಗದೆ. ಫೈಲಿನ ಪ್ರಾಪರ್ಟೀಸ್‌ದಾಗ ಲೇಖಕರು ಅನ್ನೂ ಕಡೆ ಡಿಟಿಪಿ ಅಂಗಡಿ ಹೆಸರು ಇತ್ತು, ಅದನ್ನೂ ತಗದೆ. ಅಂಗಡಿ ಹೆಸರಿನ್ಯಾಗ ರೋಣ ಅಂತ ಇತ್ತಲ್ಲ! ಕೊನೀಗೆ ಚಿತ್ರಕ್ಕ ಬಂದೆ. ಹಗೇವಿನ ಬಾಯಿ ಹಂತ್ಯಾಕ ನಮ್ಮತ್ತಿ ನಿಂತ ಫೋಟೋ. ಕೆಳಗ 'ಲೇಖಕಿಯ ಅತ್ತೆ, ಮನೆಯ ಹಗೇವಿನ ಬಳಿ' ಅಂತ ಬರದಿದ್ದೆ. ಅದು ಇಟ್ರ ಮುಚ್ಚಿದ್ದೆಲ್ಲಾ ಬಿಚ್ಚಿದಂಗ. ಮುಖಾ ಕಾಣದಂಗ ಫೋಟೋ ಕತ್ತರಿಸಿ ಬರೇ ಕಲ್ಲು ಉಳಿಸಿದೆ. ಪ್ರಬಂಧದ ತುಂಬ 'ಅತ್ತೆ' ಅಂತ ಇದ್ದಲ್ಲೆಲ್ಲಾ 'ಮಾಹಿತಿದಾರರು-1' ಅಂತ ಮಾಡಿದೆ. ಕಂಪ್ಯೂಟರಿಗೆ ಹುಡುಕಿ ಬದಲಿ ಮಾಡು ಅಂದ್ರ ಅದು ಒಂದ ಉಸರಿನ್ಯಾಗ ಮಾಡಿತು. ಮೂವತ್ತೊಂದು ಕಡೆ ಅತ್ತಿ ಹೋಗಿ ನಂಬರ್ ಬಂತು.

ಆಮ್ಯಾಲೆ ಗ್ರಂಥಸೂಚಿ. ಎಪಿಎ ಅನ್ನೂದು ಅಮೆರಿಕದ ಮನೋವಿಜ್ಞಾನಿಗಳ ಸಂಘದ ಪದ್ಧತಿ, ಅದರ ಏಳನೇ ಆವೃತ್ತಿ 2019ರಾಗ ಬಂತು. ಮನಸ್ಸಿನ ಶಾಸ್ತ್ರದವರ ಅಳತಿ ನಮ್ಮ ಹಗೇವಿಗೆ! ಅದರಾಗ ಅಡ್ಡಹೆಸರು ಮೊದಲ, ಆಮ್ಯಾಲೆ ಹೆಸರಿನ ಮೊದಲಕ್ಷರ. ನಮ್ಮ ಕಡೆ ಹಿರೇಮಠ, ಬಡಿಗೇರ, ಪಾಟೀಲ ಅಂತ ಅಡ್ಡಹೆಸರು ಇರತಾವ, ತೊಂದ್ರಿ ಇಲ್ಲ. ಮೈಸೂರು ಕಡೆ ಲೇಖಕರಿಗೆ ಅಡ್ಡಹೆಸರ ಇರಂಗಿಲ್ಲ, ಹೆಸರಿನ ಮುಂದಿನ ಒಂದಕ್ಷರ ಊರಿಂದು, ಇನ್ನೊಂದು ಅಪ್ಪಂದು. ಅಲ್ಲೆ ಯಾವುದನ್ನ ಹಿಂದ ಮುಂದ ಮಾಡೂದು ಅಂತ ಅರ್ಧಾ ತಾಸು ಹೋತು. ಕಿಟೆಲ್ ಅವರದು ಸುಸೂತ್ರ ಕುಂತಿತು: ಕಿಟೆಲ್, ಎಫ್., 1894, ಮಂಗಳೂರು. ಜರ್ಮನಿಯಿಂದ ಬಂದು, ಊರೂರಿನ ಮಂದಿ ಮಾತು ಕೂಡಿಸಿ ನಿಘಂಟು ಮಾಡಿದ ಪುಣ್ಯಾತ್ಮ, ಅವರಿಗೆ ಒಂದು ಸಾಲು ಬೇಕ ಬೇಕು.

ಆದ್ರ ನಮ್ಮತ್ತಿಗೆ ಸಾಲು ಇಲ್ಲ. ಆ ಪದ್ಧತಿ ಪ್ರಕಾರ ಎದುರು ಕುಂತು ಆಡಿದ ಮಾತು, ಫೋನ್, ಪತ್ರ, ಇವು ವೈಯಕ್ತಿಕ ಸಂವಹನ. ಬರಹದ ನಡುವ ಕಂಸದಾಗ ಹೇಳಬಹುದು, ಕೊನೀಗೆ ಪಟ್ಟಿಯೊಳಗ ಹಾಕಂಗಿಲ್ಲ. ಯಾಕಂದ್ರ ಓದಿದವರು ಹೋಗಿ ಹುಡುಕಿ ತಗದು ನೋಡಾಕ ಆಗಂಗಿಲ್ಲ ಅಂತ. ಕಾರಣಾ ತಿಳಿಯೂವಂಥಾದ್ದ ಐತಿ. ಆದ್ರೂ ನನಗ ಒಂದು ನಗಿ ಬಂತು: ಕಿಟೆಲ್‌ನ ನಿಘಂಟು ನಮ್ಮ ಕಾಲೇಜಿನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಾರ, ನಮ್ಮತ್ತಿ ಮಾತ್ರ ದಿನಾ ಮುಂಜಾನೆಯಿಂದ ಕಟ್ಟಿ ಮ್ಯಾಲೆ ಕುಂತಿರತಾರ, ಯಾರ ಬಂದು ಏನ ಕೇಳಿದ್ರೂ ಹೇಳ್ತಾರ.

ಮೂರನೇ ರಾತ್ರಿ, ಶನಿವಾರ, ಪುಟದ ಲೆಕ್ಕದ್ದು.

ಎಲ್ಲಾ ಸೇರಿ ಏಳು ಪುಟ, ಮ್ಯಾಲೆ ಅರ್ಧ ಪುಟ. ಮೊದಲ ನೋಡಿದೆ, ಹಾಳಿ ಅಳತಿ ಲೆಟರ್ ಅಂತ ಇತ್ತು. ಅಮೆರಿಕದ ಲೆಟರ್ ಹಾಳಿ 216 ಮಿಲಿಮೀಟರ್ ಅಗಲ, 279 ಎತ್ತರ. ನಮ್ಮ ಎ-4 ಅಗಲ 210, ಎತ್ತರ 297. ಎ-4 ಮಾಡಿದ ಕೂಡ್ಲೆ ಪುಟಕ್ಕ ಒಂದೆರಡು ಸಾಲು ಉಳದ್ವು. ಸಾಲಿನ ನಡುವಿನ ಜಾಗಾ ಇಷ್ಟ ಅಂತ ಬಿಗಿ ಮಾಡಿದೆ, ಒತ್ತಕ್ಷರ ಎಲ್ಲಾ ಕೆಳಗ ಕಡದ ಹೋದ್ವು. ಹಗ್ಗ ಅನ್ನೂದು ಹಗ ಆತು, ಬುತ್ತಿ ಬುತಿ ಆತು. ಕನ್ನಡಕ್ಕ ಕಾಲಬುಡಕ ಜಾಗಾ ಬೇಕ್ರಿ, ಇಂಗ್ಲಿಷಿನಂಗ ಒತ್ತಿ ಕುಂದರಸಾಕ ಬರಂಗಿಲ್ಲ. ಬಿಗಿ ತಗದೆ. ಇನ್ನ ಕಡಿಯೂದೊಂದ ದಾರಿ.

ಶುರುವಿನ ಒಂದು ಪುಟ ಇತ್ತು, ಪರದೇಶದ ಪಂಡಿತರು ನೆನಪು, ಸಂಸ್ಕೃತಿ ಅಂತ ಏನೇನ ಹೇಳ್ಯಾರ ಅನ್ನೂದು. ಅದನ್ನ ಮುಟ್ಟಾಕ ಧೈರ್ಯ ಬರಲಿಲ್ಲ. ಅದಿದ್ರ ಪ್ರಬಂಧ ಪ್ರಬಂಧದಂಗ ಕಾಣತೈತಿ ಅಂತ ನನ್ನ ಮನಸ್ಸು. ಹಗೇವು ತಗಿಯೂವಾಗ ಪಾಳಸೂ ಪದ್ಧತಿ ಬಗ್ಗೆ ಒಂದು ದೊಡ್ಡ ಪ್ಯಾರಾ ಇತ್ತು: ಒಂದಿನ ಬಾಯಿ ತೆರದು ಬಿಡಬೇಕು, ಕಂದೀಲು ಇಳಿಬಿಡಬೇಕು, ದೀಪ ಆರಿದ್ರ ಇಳೀಬಾರದು, ಆರದಿದ್ರೂ ನಡಕ್ಕ ಹಗ್ಗಾ ಕಟಗೊಂಡ ಇಳೀಬೇಕು, ಮ್ಯಾಲೆ ಇಬ್ಬರು ನಿಂತಿರಬೇಕು. ಇದು ಪದದ ಪ್ರಬಂಧ, ಪದ್ಧತಿದ್ದಲ್ಲ ಅಂತ ನನಗ ನಾನ ಹೇಳಿಕೊಂಡು ಅದನ್ನ ತಗದೆ. ಅದರ ಬೆನ್ನಿಗೆ ಹಾಡಿನ ಪ್ರಸ್ತಾಪಾನೂ ತಗದೆ. ಆರು ಪುಟಕ್ಕ ಬಂತು. ಹೊತ್ತು ಒಂಬತ್ತಾಗಿತ್ತು.

ನಮ್ಮತ್ತಿ ಊಟಾ ಮುಗಿಸಿ ಎಲಿ ಅಡಿಕಿ ಹಾಕ್ಕೋತ ಬಂದು ಹಂತ್ಯಾಕ ಕುಂತ್ರು. "ಮುಗೀತೇನ ಯವ್ವಾ?"

"ಮುಗೀತ್ರಿ ಅತ್ತಿ. ಕಳಸೂದೊಂದ ಬಾಕಿ."

"ಒಮ್ಮೆ ಓದ. ನಾ ಹೇಳಿದ್ದ ಸರಿ ಬರದೀಯೋ ಇಲ್ಲೋ ಕೇಳ್ತೀನಿ."

ಓದಿದೆ. ಅವರಿಗೆ ಓದಾಕ ಬರಂಗಿಲ್ಲ, ಆದ್ರ ಕೇಳೂ ಕಿವಿ ಭಾಳ ಚೂಟಿ. ಎರಡು ಪುಟ ಆದ ಮ್ಯಾಲೆ ತಡದ್ರು. "ಇದರಾಗ ನಾ ಎಲ್ಲೆ ಅದೀನಿ?"

"ಮಾಹಿತಿದಾರರು ಒಂದು ಅಂತ ಐತಲ್ರಿ, ಅದ ನೀವು."

ಸ್ವಲ್ಪ ಹೊತ್ತು ಸುಮ್ಮಿದ್ರು. "ಒಂದ ನಂಬರಾ? ರೇಷನ್ ಕಾರ್ಡಿನ್ಯಾಗ ಮೊದಲ ನನ್ನ ಹೆಸರು ಐತಿ. ಸರಕಾರನ ನನ್ನ ಹೆಸರು ಬರದೈತಿ, ನೀ ನಂಬರ್ ಬರದಿ?"

ಆ ಮಾತು ಸುಳ್ಳಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿಗೆ ಮನಿಯ ಹಿರೇ ಹೆಣ್ಣುಮಗಳ ಯಜಮಾನಿ. ಪರೀಕ್ಷಾ ಪೇಪರಿನ ಕತಿ ನಾನೂ ಹೇಳಿದೆ. ಈಗ ನನ್ನ ಹೆಸರೂ ಇಲ್ರಿ ಅತ್ತಿ, ಒಪ್ಪಿಗಿ ಆದ ಮ್ಯಾಲೆ ಕೊನೀ ಪ್ರತಿ ಕೇಳ್ತಾರ, ಅದರಾಗ ಇಬ್ಬರದೂ ಬರತೈತಿ ಅಂದೆ. "ಹಂಗಾರ ಅಡ್ಡಿಯಿಲ್ಲ" ಅಂದ್ರು. "ಮುಂದ ಓದ."

ಮುಗಿಯೂ ತನಕ ಕೇಳಿದ್ರು. ಆಮ್ಯಾಲೆ ಕೇಳಿದ್ರು: "ಕಂದೀಲು ಎಲ್ಲೆ?"

"ಜಾಗಾ ಸಾಲಲಿಲ್ರಿ. ಆರ ಪುಟಾ ಅಂದಾರ."

ಅವರು ಎಲಿ ಅಡಿಕಿ ಅಗಿಯೂದು ಬಿಟ್ರು. "ಕಂದೀಲು ಬಿಟ್ಟ ಹಗೇವಿನ ಸುದ್ದಿ ಹೇಳಬಾರದ. ಓದಿದಾಂವ ಯಾವನರ ಹಳೇ ಹಗೇವು ಕಂಡ್ರ ಇಳದ ನೋಡೂನು ಅಂತ ಇಳೀತಾನ." ಆಮ್ಯಾಲೆ ಭಾಳ ಸಾವಕಾಶ ಹೇಳಿದ್ರು. "ನಾ ಹನ್ನೆರಡು ವರ್ಷದಾಕಿ. ಮನಿಯಾಗ ಹಿರೇರು ಯಾರೂ ಇರಲಿಲ್ಲ. ನಮ್ಮಣ್ಣ ಕಲ್ಲ ಸರಿಸಿ ಇಳದ. ನಾ ಮ್ಯಾಲೆ ಬುಟ್ಟಿ ಹಿಡದ ನಿಂತಿದ್ದೆ. ಒಮ್ಮೆ ಕರದೆ. ಎರಡ ಸಲಾ ಕರದೆ. ಝಳಾ ಹೊಡದಿತ್ತ."

ಮೂರು ತಿಂಗಳು ಅವರ ಎದುರು ವಹಿ ಹಿಡದು ಕುಂತಿದ್ದೆ. ಕಂದೀಲಿನ ಪದ್ಧತಿ ನಾಲ್ಕು ಸಲಾ ಹೇಳಿದ್ರು, ಪ್ರತಿ ಸಲಾ ಅಷ್ಟ ಒತ್ತಿ ಹೇಳಿದ್ರು. ವಯಸ್ಸಾಗೈತಿ, ಹೇಳಿದ್ದ ಹೇಳ್ತಾರ ಅಂತ ನಾನು ತಿಳಕೊಂಡಿದ್ದೆ. ಯಾಕ ಅಂತ ಒಮ್ಮೆನೂ ಕೇಳಿರಲಿಲ್ಲ.

ಅವರು ಎದ್ದು ಹೋಗಿ ಮಲಗಿದ್ರು. ನಾನು ಲ್ಯಾಪ್‌ಟಾಪ್ ತಗದೆ. ಪರದೇಶದ ಪಂಡಿತರ ಆ ಒಂದು ಪುಟಾನ ನಾಲ್ಕು ಸಾಲಿಗೆ ಇಳಿಸಿದೆ. ಹೆಂಗ ಕಡೀಲಿ ಅಂತ ಅಂಜತಿದ್ದೆನಲ್ಲ, ಕಡದ ಮ್ಯಾಲೆ ಅದು ಇಲ್ಲ ಅನ್ನೂದ ಗೊತ್ತಾಗಲಿಲ್ಲ. ಕಂದೀಲು ಇದ್ದ ಜಾಗಾಕ್ಕ ಬಂತು. ಪೂರಾ ಬಂತು: ಒಂದಿನ ತೆರದು ಬಿಡೂದು, ದೀಪ, ಹಗ್ಗ, ಮ್ಯಾಲೆ ಇಬ್ಬರು. 'ಝಳ' ಅನ್ನೂ ಮಾತು ಪದಗಳ ಪಟ್ಟಿಯೊಳಗ ಬರೇ 'ಕಾವು' ಅಂತ ಅರ್ಥದ ಕೂಡ ಇತ್ತು, ಅದನ್ನ ತಿದ್ದಿ, ಹಗೇವಿನ್ಯಾಗ ನಿಂತ ಉಸರು ಕಟ್ಟೂ ಗಾಳಿ, ಜೀವಾ ತಗೀತೈತಿ ಅಂತ ಬರದೆ. ಅವರಣ್ಣನ ಸುದ್ದಿ ಬರೀಲಿಲ್ಲ. ಅದು ಅವರದು, ಕೇಳದ ಬರಿಯೂವಂಥಾದ್ದಲ್ಲ. ಈಗ ಇಲ್ಲೆ ಬರದದ್ದು ಅವರನ್ನ ಕೇಳಿನ.

ಫಾಂಟ್ ಒಳಗ ಸೇರಿಸಿ ಪಿಡಿಎಫ್ ಮಾಡಿದೆ, ಇನ್ನೊಬ್ಬರ ಕಂಪ್ಯೂಟರಿನ್ಯಾಗ ಅಕ್ಷರ ಚದುರಬಾರದಂತ. ಅದನ್ನ ನನ್ನ ಮೊಬೈಲಿಗೆ ಹಾಕಿ ತಗದು ನೋಡಿದೆ, ಎಲ್ಲಾ ಒತ್ತೂ ಇದ್ವು. ಹನ್ನೊಂದು ನಲವತ್ತಕ್ಕ ಕಳಸಿದೆ.

ಒಂದೂವರಿ ತಿಂಗಳಿಗೆ ಒಪ್ಪಿಗಿ ಬಂತು. ಪರೀಕ್ಷಕರ ಎರಡು ಟಿಪ್ಪಣಿ ಇದ್ವು. ಒಬ್ಬರು ಸಿದ್ಧಾಂತದ ಭಾಗ ಸಣ್ಣದಾತು ಅಂದಿದ್ರು. ಇನ್ನೊಬ್ಬರು ಝಳದ ವಿವರ ಚೊಲೋ ಐತಿ, ಇಂಥಾ ಮಾತು ಇನ್ನೂ ಇದ್ರ ಸೇರಸ್ರಿ ಅಂದಿದ್ರು. ಕೊನೀ ಪ್ರತಿಗೆ ಹೆಸರು ಹಾಕೂ ಹೊತ್ತು. ನನ್ನ ಹೆಸರಿನ ಕೆಳಗ ವಿಳಾಸ ಬರದೆ. ಅತ್ತಿ ಹಂತ್ಯಾಕ ಹೋಗಿ ಕೇಳಿದೆ, "ಅತ್ತಿ, ನಿಮ್ಮ ಹೆಸರು ರೇಷನ್ ಕಾರ್ಡಿನ್ಯಾಗ ಇದ್ದಂಗ ಬರೀಲೇನ್ರಿ?"

ಅವರು ತಲಿ ಮ್ಯಾಲಿನ ಸೆರಗು ಸರಿ ಮಾಡಿಕೊಂಡ್ರು. "ಅದು ಲಗ್ನದಾಗ ಇವರ ಮನಿಯವರು ಇಟ್ಟ ಹೆಸರು. ಹಗೇವಿನ ಮಾತು ನಾ ಕಲ್ತದ್ದು ನಮ್ಮವ್ವನ ಮನಿಯಾಗ. ತವರುಮನಿ ಹೆಸರು ಬರಿ." ಆ ಹೆಸರು ಹೇಳಿದ್ರು. ಹದಿನೆಂಟು ವರ್ಷ ಈ ಮನಿಯಾಗ ಇದ್ದೀನಿ, ಆ ಹೆಸರು ನಾ ಕೇಳಿದ್ದು ಅವತ್ತ ಮೊದಲ. ನಮ್ಮ ಮನಿಯವರಿಗೂ ಗೊತ್ತಿರಲಿಲ್ಲ. ಅದನ್ನ ಇಲ್ಲೆ ಬರಿಯಂಗಿಲ್ಲ. ಹುಡುಕಿ ಬದಲಿ ಮಾಡು ಅಂತ ಕಂಪ್ಯೂಟರಿಗೆ ಹೇಳಲಿಲ್ಲ, ಮಾಹಿತಿದಾರರು ಇದ್ದ ಒಂದೊಂದು ಕಡೆಗೂ ಹೋಗಿ ನಾನ ಕೈಯಾರ ಟೈಪ್ ಮಾಡಿದೆ. ಗ್ರಂಥಸೂಚಿ ಪಟ್ಟಿಯೊಳಗ ಬರಲಿಲ್ಲ, ನಿಯಮಾ ನಿಯಮಾನ. ಬರಹದ ನಡುವ ಅದಾರ, ಕೃತಜ್ಞತೆಯೊಳಗ ಅದಾರ. ಫೋಟೋನೂ ಪೂರಾದ್ದ ಹಾಕಿದೆ, ಮುಖಾ ಸಹಿತ.

ಅಳತಿಗೆ ತರೂದು ಅಂದ್ರ ಅಂಚು, ಅಕ್ಷರದ ಗಾತ್ರ ಅಷ್ಟ ಅಂತ ತಿಳಕೊಂಡಿದ್ದೆ. ಆರ ಪುಟಾ ಅನ್ನೂದು ಅವರ ಲೆಕ್ಕ ಖರೇ, ಆದ್ರ ಏನ ತಗೀಬೇಕು ಅನ್ನೂದು ನನ್ನ ಕೈಯಾಗ ಇತ್ತು. ಗೊತ್ತಿಲ್ಲದ ನಾನು ಕಂದೀಲು ತಗದು ಪಂಡಿತರನ್ನ ಇಟ್ಟಿದ್ದೆ. ಹಂಗಾಗಿ ಒಂದು ಮಾತು ಹೇಳ್ತೀನ್ರಿ. ಯಾರ ಮಾತು ಬರದಿರತೀರಿ, ಕಳಸೂಕಿಂತ ಮೊದಲ ಅವರಿಗೆ ಒಮ್ಮೆ ಓದಿ ಹೇಳ್ರಿ. ಪ್ರೂಫ್ ತಿದ್ದವರು ಒತ್ತು, ದೀರ್ಘ ನೋಡ್ತಾರ. ಏನ ಬಿಟ್ಟೈತಿ ಅನ್ನೂದು ಅವರಿಗಷ್ಟ ಗೊತ್ತಾಗತೈತಿ.

ಮಂಡನಾ ಹತ್ತು ನಿಮಿಷದ್ದು. ಮುಗಿಸಿ ಮನಿಗೆ ಬಂದಾಗ ರಾತ್ರಿ ಆಗಿತ್ತು. ಅತ್ತಿ ಕಟ್ಟಿ ಮ್ಯಾಲೆ ಕುಂತಿದ್ರು. ಪ್ರಮಾಣಪತ್ರ ತಗದು ತೋರಿಸಿದೆ, ನೋಡಿ ಬದಿಗಿಟ್ರು. ತಮ್ಮ ಹೆಸರು ಓದಿದ್ಯಾ ಅಂತನೂ ಕೇಳಲಿಲ್ಲ.

"ಕಂದೀಲಿಂದ ಹೇಳಿದಿ?"

"ಹೇಳಿದೆರಿ ಅತ್ತಿ. ಎಲ್ಲಾರೂ ಕೇಳಿದ್ರು."

"ಆತ ಹಂಗಾರ" ಅಂದ್ರು. "ಕೈಕಾಲ ತೊಳಕೊ, ರೊಟ್ಟಿ ಅದಾವ."